ಕೂತು ಕೂತು ಹಾಳಾಗುವ ಮಶೀನು

ಆವತ್ತು ಇದ್ದದ್ದು ಹತ್ತೇ ನಿಮಿಷದ ಕೆಲಸ. ಕಬ್ಬಿಣದ ಸ್ಟ್ಯಾಂಡ್ ಒಂದರ ಕಾಲು ಬಿಟ್ಟುಕೊಂಡಿತ್ತು. ಎರಡು ಕಡೆ ಬೆಸುಗೆ ಹಾಕಿದರೆ ಮುಗೀತು ಅಂದುಕೊಂಡು ಶೆಡ್ಡಿನ ಬಾಗಿಲು ತೆಗೆದೆ. ವೆಲ್ಡಿಂಗ್ ಮಶೀನು ಮುಟ್ಟಿ ಎರಡು ತಿಂಗಳಾಗಿತ್ತು. ಪ್ಲಗ್ ಹಾಕಿದೆ, ಫ್ಯಾನ್ ತಿರುಗಿತು, 100 ಆಂಪಿಯರ್‌ಗೆ ಇಟ್ಟು ರಾಡ್, ಅಂದರೆ ಕರಗಿ ಬೆಸುಗೆಯಾಗುವ ಲೇಪನದ ಕಡ್ಡಿ, ಗೀಚಿದೆ. ಚಿಟ್ ಅಂದಿತು, ಆರಿತು. ಮತ್ತೆ ಗೀಚಿದೆ, ಅಂಟಿಕೊಂಡಿತು. ತಿರುಚಿ ಬಿಡಿಸಿ ಮತ್ತೆ ಗೀಚಿದರೆ ಒಂದು ಸೆಕೆಂಡ್ ಚೆನ್ನಾಗಿ ಉರಿದು, ಕೆಮ್ಮಿದ ಹಾಗೆ ಸದ್ದು ಮಾಡಿ ಮತ್ತೆ ಆರಿತು.

ಮೊದಲು ರಾಡಿನ ಮೇಲೆ ಅನುಮಾನ ಬಂತು. ಬೇರೆ ಪ್ಯಾಕೆಟ್ ಒಡೆದೆ. ಆಮೇಲೆ ಕರೆಂಟು ಸಾಲದು ಅಂತ 130ಕ್ಕೆ ಏರಿಸಿದೆ. ಆಮೇಲೆ ಮನೆಯ ವೋಲ್ಟೇಜ್ ಕಮ್ಮಿ ಇರಬೇಕು ಅಂದುಕೊಂಡೆ. ಕೊನೆಗೆ ಮಶೀನೇ ಹೋಗಿದೆ ಅಂತ ತೀರ್ಮಾನ ಮಾಡಿ, ಸ್ಕ್ರೂಡ್ರೈವರ್ ತರಲು ಏಳುವಾಗ ಕೈ ಊರಿದ್ದು ಸರಿಯಾಗಿ ಅರ್ತ್ ಕ್ಲಾಂಪ್ ಮೇಲೆ, ಅಂದರೆ ಬೆಸೆಯುವ ಕಬ್ಬಿಣವನ್ನು ಕಚ್ಚಿ ಕರೆಂಟನ್ನು ಮಶೀನಿಗೆ ವಾಪಸ್ ಒಯ್ಯುವ ಹಿಡಿಕೆಯ ಮೇಲೆ. ಕೆಂಡ! ಎರಡು ನಿಮಿಷವೂ ಸರಿಯಾಗಿ ವೆಲ್ಡ್ ಮಾಡಿಲ್ಲ, ಕ್ಲಾಂಪ್ ಮಾತ್ರ ಮುಟ್ಟಲಾಗದಷ್ಟು ಬಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತಲ್ಲ, ನಾನು ಅರ್ಧ ಗಂಟೆ ಮಾಡಿದ್ದು ಅದನ್ನೇ.

ಕ್ಲಾಂಪ್ ಬಿಚ್ಚಿ ನೋಡಿದೆ. ಹಲ್ಲುಗಳ ಮೇಲೆ ಕಂದು ಬಣ್ಣದ ಪುಡಿ ಕೂತಿತ್ತು, ಉಗುರಿನಲ್ಲಿ ಕೆರೆದರೆ ಚಕ್ಕೆಯಾಗಿ ಏಳುತ್ತಿತ್ತು. ಕೇಬಲ್ ಕೂರಿಸಿದ ಬೋಲ್ಟು ಬಿಗಿಯಾಗಿದೆ ಅನ್ನಿಸಿತು, ಆದರೆ ಸ್ಪ್ಯಾನರ್ ಇಟ್ಟರೆ ಮುಕ್ಕಾಲು ಸುತ್ತು ತಿರುಗಿತು. ಕೇಬಲ್ ತುದಿಗೆ ಒತ್ತಿ ಕೂರಿಸಿದ ಲೋಹದ ತುಂಡು, ಅಂದರೆ ಲಗ್, ಅದರ ಕೆಳಗಿನ ರಬ್ಬರ್ ಹಿಂದಕ್ಕೆ ಎಳೆದೆ. ಹೊಳೆಯಬೇಕಾದ ತಾಮ್ರದ ಎಳೆಗಳು ಕಪ್ಪಾಗಿ, ಅಲ್ಲಲ್ಲಿ ಹಸಿರಾಗಿದ್ದವು. ಕೆಲವು ಎಳೆಗಳು ಬೆರಳು ತಾಗಿದ್ದಕ್ಕೇ ಮುರಿದವು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ವಿಷಯ ಅರ್ಥವಾಗುತ್ತದೆ. ಆ ಕೊಳಕು ಜಾಯಿಂಟಿನಲ್ಲಿ 0.05 ಓಮ್ ತಡೆ ಇದೆ ಅಂತಿಟ್ಟುಕೊಳ್ಳಿ. ಸಾಮಾನ್ಯ ಮೀಟರಿನಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆಯೇ. ಆದರೆ ಅದರ ಮೂಲಕ 100 ಆಂಪಿಯರ್ ಹರಿದರೆ 5 ವೋಲ್ಟ್ ಅಲ್ಲೇ ಹೋಯಿತು, 500 ವಾಟ್ ಶಾಖ ಅಲ್ಲೇ ಹುಟ್ಟಿತು. ಆ ಕರೆಂಟಿನಲ್ಲಿ ರಾಡಿನ ತುದಿಯ ಆರ್ಕ್‌ಗೆ (ಲೋಹ ಕರಗಿಸುವ ಆ ಉರಿಯುವ ಕಿಡಿಗೆ) ಬೇಕಾದದ್ದೇ ಸುಮಾರು 24 ವೋಲ್ಟ್. ಆ 5 ವೋಲ್ಟ್ ಸ್ಥಿರವಾಗಿ ಹೋದರೆ ಮಶೀನು ಹೇಗೋ ಸರಿದೂಗಿಸುತ್ತದೆ, ಆದರೆ ತುಕ್ಕಿನ ಮೇಲೆ ಕೂತ ಕ್ಲಾಂಪ್ ಒಂದು ಕ್ಷಣ ಹಿಡಿಯುತ್ತದೆ, ಒಂದು ಕ್ಷಣ ಬಿಡುತ್ತದೆ, ಬಿಟ್ಟಾಗಲೆಲ್ಲ ಆರ್ಕ್ ಸಾಯುತ್ತದೆ. ಕೆಮ್ಮು ಬಂದದ್ದು ಅಲ್ಲಿಂದ.

ಕೇಬಲ್ಲಿನ ತುದಿಯಲ್ಲಿ ನಾಲ್ಕು ಬೆರಳಗಲ ಕತ್ತರಿಸಿ ಎಸೆದೆ. ಒಳಗೆ ಕೆಂಪಗೆ ಹೊಳೆಯುವ ತಾಮ್ರ ಸಿಕ್ಕಿತು. ಹೊಸ ಲಗ್ ಒತ್ತಿದೆ, ಕ್ಲಾಂಪಿನ ಹಲ್ಲುಗಳನ್ನು ಅರದಿಂದ ತಿಕ್ಕಿದೆ. ಆಗ ಇನ್ನೊಂದು ವಿಷಯ ಗೊತ್ತಾಯಿತು. ಅಗ್ಗದ ಕ್ಲಾಂಪ್‌ಗಳಲ್ಲಿ ಕೇಬಲ್ ಒಂದೇ ದವಡೆಗೆ ಕೂತಿರುತ್ತದೆ, ಇನ್ನೊಂದು ದವಡೆಗೆ ಕರೆಂಟು ಹೋಗಬೇಕಾದರೆ ಸ್ಪ್ರಿಂಗು ಮತ್ತು ಪಿನ್ನಿನ ಮೂಲಕವೇ ಹೋಗಬೇಕು. ಸ್ಪ್ರಿಂಗ್ ಕಾದರೆ ಅದರ ಬಿಗಿ ಹೋಗುತ್ತದೆ, ಬಿಗಿ ಹೋದರೆ ಇನ್ನೂ ಕಾಯುತ್ತದೆ. ಎರಡೂ ದವಡೆಗಳನ್ನು ತಾಮ್ರದ ಹೆಣೆದ ಪಟ್ಟಿಯಿಂದ ಜೋಡಿಸಿದ ಕ್ಲಾಂಪ್‌ಗಳು ಸಿಗುತ್ತವೆ, ಇಲ್ಲವಾದರೆ ಒಂದು ಪಟ್ಟಿ ನಾವೇ ಹಾಕಿಕೊಳ್ಳಬಹುದು. ನಾನು ಹಾಕಿಕೊಂಡೆ. ಆಮೇಲೆ ಹತ್ತು ನಿಮಿಷದ ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು, ಅದಕ್ಕೆ ಮುಂಚಿನ ಮೂರು ಗಂಟೆ ಲೆಕ್ಕಕ್ಕಿಲ್ಲ.

ಆವತ್ತಿನಿಂದ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತು. ದಿನವಿಡೀ ವೆಲ್ಡಿಂಗ್ ನಡೆಯುವ ಕಡೆ ಇರುವ ಮಶೀನುಗಳು ನೋಡಲು ಎಷ್ಟು ಕೊಳಕಾಗಿದ್ದರೂ ಓಡುತ್ತಲೇ ಇರುತ್ತವೆ. ನನ್ನ ಮಶೀನು ವಾರಕ್ಕೆ ಎರಡು ಗಂಟೆಯೂ ದುಡಿಯುವುದಿಲ್ಲ, ಆದರೂ ಪ್ರತಿ ಸಲ ಏನಾದರೊಂದು ಕೈಕೊಡುತ್ತದೆ. ಯಾಕೆ? ದಿನಾ ದುಡಿಯುವ ಮಶೀನು ದಿನಾ ಬಿಸಿಯಾಗುತ್ತದೆ, ಒಳಗಿನ ತೇವ ದಿನಾ ಹೊರಗೆ ಹೋಗುತ್ತದೆ. ವೈಸ್‌ನ (ಸಾಮಾನನ್ನು ಬಿಗಿಯಾಗಿ ಹಿಡಿಯುವ ದಪ್ಪ ಕಬ್ಬಿಣದ ಹಿಡಿಕೆ) ದವಡೆ ದಿನಾ ತಿಕ್ಕಿಸಿಕೊಳ್ಳುತ್ತದೆ. ರಾಡಿನ ಪ್ಯಾಕೆಟ್ ಒಡೆದ ವಾರದಲ್ಲೇ ಖಾಲಿ. ಮನೆಯ ಶೆಡ್ಡಿನಲ್ಲಿ ಇದೆಲ್ಲ ತಿರುವುಮುರುವು. ಒಂದು ಭಾನುವಾರ ಉತ್ಸಾಹದಲ್ಲಿ ಐದು ಗಂಟೆ ಕೆಲಸ, ಬೆವರು ಕೈಯಲ್ಲಿ ಮುಟ್ಟಿದ್ದನ್ನೆಲ್ಲ ಹಾಗೇ ಬಿಟ್ಟು ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ತಿಂಗಳಾದ ಮೇಲೆ. ನಮ್ಮ ಸಾಮಾನು ಕೆಲಸ ಮಾಡಿ ಸವೆಯುವುದಕ್ಕಿಂತ ಸುಮ್ನೆ ಕೂತು ಹಾಳಾಗುವುದೇ ಜಾಸ್ತಿ. ಹಾಗಾಗಿ ಮನೆಯ ವರ್ಕ್‌ಶಾಪಿನವರು ನೋಡಿಕೊಳ್ಳಬೇಕಾದದ್ದು ಮಶೀನು ಓಡುವ ಹೊತ್ತನ್ನಲ್ಲ, ಅದು ಮಲಗುವ ಹೊತ್ತನ್ನು.

ಮಲಗಿದ ಕಬ್ಬಿಣಕ್ಕೆ ನೀರು ಎಲ್ಲಿಂದ ಬರುತ್ತದೆ? ನನ್ನ ಶೆಡ್ಡಿನ ಸೂರು ಸೋರುವುದಿಲ್ಲ. ಆದರೂ ಒಂದು ಬೆಳಿಗ್ಗೆ ವೈಸ್ ಮೇಲೆ ಬೆರಳಿನಲ್ಲಿ ಗೀರೆಳೆದರೆ ಮಂಜು ಹಿಡಿದ ಗಾಜಿನ ಮೇಲೆ ಬರೆದ ಹಾಗೆ ಗೀರು ಮೂಡಿತು. ವೈಸ್ ಬೆವರಿತ್ತು. ಪಕ್ಕದಲ್ಲಿದ್ದ ತೆಳು ತಗಡು ಒಣಗೇ ಇತ್ತು. ಕಾರಣ ಇಷ್ಟೇ. ದಪ್ಪ ಕಬ್ಬಿಣ ರಾತ್ರಿಯ ತಂಪನ್ನು ಬೆಳಿಗ್ಗೆ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನಾನು ಬೆಳಿಗ್ಗೆ ಎದ್ದವನೇ, ಗಾಳಿಯಾಡಲಿ ಅಂತ ಬಾಗಿಲು ತೆರೆದಿಡುತ್ತಿದ್ದೆ. ಬಿಸಿಲಿಗೆ ಕಾಯುತ್ತಿರುವ ತೇವದ ಗಾಳಿ ಒಳಗೆ ಬಂದು ತಣ್ಣಗಿನ ವೈಸ್ ಮೇಲೆ ನೀರಾಗಿ ಕೂರುತ್ತಿತ್ತು. ಒಳ್ಳೆಯದಾಗಲಿ ಅಂತ ಮಾಡಿದ್ದೇ ಕೆಡುಕಾಗಿತ್ತು, ಅಲ್ವಾ?

ಎಷ್ಟು ನೀರು ಅಂತ ಕೇಳಿದರೆ ನಂಬುವುದು ಕಷ್ಟ. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಿನ ಆವಿ ಹಿಡಿಯಬಲ್ಲದು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಶೆಡ್ ಅಂದರೆ 30 ಘನ ಮೀಟರ್. ಒಳಗಿನ ಗಾಳಿ 30 ಡಿಗ್ರಿಯಲ್ಲಿ, ಶೇಕಡಾ 80 ತೇವದಲ್ಲಿ ಇದ್ದು, ಬಾಗಿಲು ಹಾಕಿದ ಮೇಲೆ 20 ಡಿಗ್ರಿಗೆ ತಣ್ಣಗಾದರೆ ಹೆಚ್ಚುಕಮ್ಮಿ 200 ಗ್ರಾಂ ನೀರು ಗಾಳಿಯಲ್ಲಿ ಇರಲಾಗದೆ ಹೊರಬೀಳಬೇಕು. ಒಂದು ಲೋಟ ನೀರು! ಅದನ್ನು ನಿಮ್ಮ ಸಾಮಾನುಗಳ ಮೇಲೆ ಸಣ್ಣಗೆ ಚಿಮುಕಿಸಿದ ಹಾಗೆ. ಇನ್ನೊಂದು ಮಾತು, ಆ ಗಾಳಿಯಲ್ಲಿ ಕಬ್ಬಿಣ ಬೆವರಲು 20ರವರೆಗೂ ತಣ್ಣಗಾಗಬೇಕಿಲ್ಲ, 26 ಡಿಗ್ರಿಗೇ ಶುರು. ಮತ್ತೆ ತುಕ್ಕು ಹಿಡಿಯಲು ಕಣ್ಣಿಗೆ ಕಾಣುವ ಹನಿಯೇ ಬೇಕು ಅಂತಿಲ್ಲ. ಗಾಳಿಯ ತೇವ ಸುಮಾರು ಶೇಕಡಾ 60 ದಾಟಿದರೆ ಕಬ್ಬಿಣದ ಮೇಲೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತು ಕೆಲಸ ಶುರುವಾಗುತ್ತದೆ. ಬೆವರಿನ ಉಪ್ಪೋ ದೂಳೋ ಇದ್ದರೆ ಇನ್ನೂ ಮೊದಲೇ.

ಅದಕ್ಕೇ ತೇವ ಅಳೆಯುವ ಒಂದು ಪುಟ್ಟ ಮೀಟರು ತಂದು ಗೋಡೆಗೆ ಹಾಕಿದೆ. ಇಷ್ಟು ವರ್ಷದಲ್ಲಿ ಶೆಡ್ಡಿಗೆ ತಂದ ಸಾಮಾನುಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಈಗ ಬಾಗಿಲು ತೆಗೆಯುವ ಮುಂಚೆ ಯೋಚನೆ ಮಾಡುತ್ತೇನೆ. ಹೊರಗೆ ಮಳೆಯೋ ಮಂಜೋ ಇದ್ದರೆ ಮುಚ್ಚಿಯೇ ಇರಲಿ. ಮಧ್ಯಾಹ್ನದ ಒಣ ಗಾಳಿಗೆ ತೆರೆಯುತ್ತೇನೆ. ಅದೇ ಮೀಟರನ್ನು ಒಮ್ಮೆ ನೆಲದ ಮೇಲೆ ಇಟ್ಟು ನೋಡಿದೆ, ಗೋಡೆಯ ಮೇಲಿದ್ದಾಗ ತೋರಿಸಿದ್ದಕ್ಕಿಂತ ಜಾಸ್ತಿ ತೋರಿಸಿತು. ಕಾಂಕ್ರೀಟ್ ನೆಲ ನೋಡಲು ಒಣಗಿದ್ದರೂ ಕೆಳಗಿನ ಮಣ್ಣಿನ ತೇವವನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತಿರಬಹುದು. ಅನುಮಾನ ಇದ್ದರೆ ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಎತ್ತಿದಾಗ ಒಳಗೆ ಹನಿ ಇದ್ದರೆ, ಇಲ್ಲವೇ ನೆಲ ಕಪ್ಪಾಗಿದ್ದರೆ ಉತ್ತರ ಸಿಕ್ಕಿತು. ನನ್ನ ನೆಲ ಕಪ್ಪಾಗಿತ್ತು. ಮಶೀನು ಈಗ ಚಕ್ರದ ಗಾಡಿಯ ಮೇಲಿದೆ, ಕಬ್ಬಿಣದ ಪೈಪು ಪಟ್ಟಿಗಳೆಲ್ಲ ಗೋಡೆಯ ಬ್ರಾಕೆಟ್ ಏರಿವೆ.

ಚಳಿಗೆ ಅಂತ ಚಿಮಣಿ ಇಲ್ಲದ ಗ್ಯಾಸ್ ಹೀಟರ್ ಹಚ್ಚಿಕೊಳ್ಳುವವರು ಒಂದು ವಿಷಯ ತಿಳಿದಿರಿ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಉರಿಯುವಾಗ ಬೆಚ್ಚಗಿರುತ್ತದೆ ನಿಜ, ಆರಿಸಿ ಹೋದ ಮೇಲೆ ಆ ನೀರೆಲ್ಲ ಎಲ್ಲಿ ಕೂರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ನನ್ನ ಅತಿ ದೊಡ್ಡ ದಡ್ಡತನ. ಒಮ್ಮೆ ಏನನ್ನೋ ಉಜ್ಜಿ ತೆಗೆಯಲು ಹೈಡ್ರೋಕ್ಲೋರಿಕ್ ಆಸಿಡ್ ತಂದಿದ್ದೆ. ಅರ್ಧ ಬಾಟಲಿ ಉಳಿಯಿತು. ಮುಚ್ಚಳ ಬಿಗಿಯಾಗಿ ತಿರುಗಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಮೇಲಿನ ಕಪಾಟಿನಲ್ಲಿ ಇಟ್ಟೆ. ಎರಡೇ ವಾರ. ಆ ಕಪಾಟಿನ ಡ್ರಿಲ್ ಬಿಟ್ಟುಗಳು, ಸ್ಪ್ಯಾನರ್‌ಗಳು, ತೂತಿನೊಳಗೆ ಮರೆ ಕೊರೆಯುವ ಹೊಸ ಟ್ಯಾಪ್ ಸೆಟ್ಟು ಎಲ್ಲವೂ ಕೆಂಪು ಪುಡಿ ಸವರಿದ ಹಾಗಿದ್ದವು. ಬಾಟಲಿಗೆ ಹತ್ತಿರ ಇದ್ದದ್ದು ಪೂರ್ತಿ ಕೆಂಪು, ದೂರ ಹೋದಂತೆ ಕಮ್ಮಿ. ಆ ಆಸಿಡ್ಡಿನ ಆವಿ ಪ್ಲಾಸ್ಟಿಕ್ ಮುಚ್ಚಳದ ಸಂದಿನಿಂದಲೂ ನುಸುಳುತ್ತದೆ, ಕಬ್ಬಿಣದ ಮೇಲಿನ ತೇವದ ಜೊತೆ ಸೇರಿ ಮತ್ತೆ ಆಸಿಡ್ ಆಗುತ್ತದೆ. ಒಂದೇ ಕೋಣೆಯಲ್ಲಿ ಆ ಬಾಟಲಿ ಮತ್ತು ಉಕ್ಕಿನ ಸಾಮಾನು ಎರಡೂ ಇರಬಾರದು, ಮುಗೀತು. ಇದರಲ್ಲಿ ರಾಜಿಯೇ ಇಲ್ಲ.

ಪ್ಲಾಸ್ಟಿಕ್ ಹೊದಿಕೆ ಇನ್ನೊಂದು. ದೂಳು ಬೀಳದಿರಲಿ ಅಂತ ಮಶೀನಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಕೆಳಗೆ ದಾರ ಕಟ್ಟಿದ್ದೆ. ಒಳಗೆ ಸಿಕ್ಕಿಕೊಂಡ ತೇವ ರಾತ್ರಿ ನೀರಾಗುವುದು, ಹಗಲು ಆವಿಯಾಗುವುದು, ಹೊರಗೆ ಹೋಗಲು ಮಾತ್ರ ದಾರಿ ಇಲ್ಲ. ಈಗ ಹಳೇ ದಪ್ಪ ಬಟ್ಟೆ ಹೊದಿಸುತ್ತೇನೆ. ಪ್ಲಾಸ್ಟಿಕ್ ಒಳಗೆ ಇಡಲೇಬೇಕು ಅಂದರೆ ಪೂರ್ತಿ ಮುಚ್ಚುವ ಡಬ್ಬಿ ಇರಬೇಕು, ಒಳಗೆ ಸಿಲಿಕಾ ಜೆಲ್ ಇರಬೇಕು. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೊಟ್ಟೆ ತುಂಬಿತು ಅಂತ ಅರ್ಥ, ಸುಮಾರು 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿ. ಆ ನೀಲಿಗೆ ಕಾರಣ ಕೋಬಾಲ್ಟ್ ಕ್ಲೋರೈಡ್, ಅದು ವಿಷ, ಅಡುಗೆಯ ಪಾತ್ರೆಯಲ್ಲಿ ಹುರಿಯಬೇಡಿ. ತೆರೆದ ಶೆಡ್ಡಿನಲ್ಲಿ ನಾಲ್ಕು ಪೊಟ್ಟಣ ಸಿಲಿಕಾ ಜೆಲ್ ಇಡುವುದು ಸುಮ್ನೆ ಮನಸ್ಸಿನ ಸಮಾಧಾನಕ್ಕೆ.

ರಾಡುಗಳ ವಿಷಯಕ್ಕೆ ಬರೋಣ, ಯಾಕೆಂದರೆ ಇಲ್ಲಿ ಜನ ಎಲ್ಲ ರಾಡಿಗೂ ಒಂದೇ ಮಂತ್ರ ಹಾಕುತ್ತಾರೆ. 7018, 6013, 6010 ಅನ್ನುವುದೆಲ್ಲ ರಾಡಿನ ಬಗೆಗಳ ಹೆಸರು. 7018 ರಾಡ್ ಬೆಸುಗೆಯಲ್ಲಿ ಕಮ್ಮಿ ಹೈಡ್ರೋಜನ್ ಇರಲಿ ಅಂತಲೇ ಮಾಡಿದ್ದು. ಅದರ ಲೇಪನ ಗಾಳಿಯಿಂದ ತೇವ ಎಳೆದುಕೊಂಡರೆ ಆರ್ಕ್‌ನ ಬಿಸಿಗೆ ಆ ನೀರು ಒಡೆದು ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ. ಬೆಸುಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಬಿರುಕು ಬರುವುದು ತಣ್ಣಗಾದ ಮೇಲೆ, ಕೆಲವೊಮ್ಮೆ ಗಂಟೆಗಳು ಕಳೆದು, ಕೆಲವೊಮ್ಮೆ ಒಂದೆರಡು ದಿನ ಕಳೆದು. ದಪ್ಪ ಕಬ್ಬಿಣ, ಗಟ್ಟಿ ಉಕ್ಕು ಇದ್ದರೆ ಈ ಅಪಾಯ ಜಾಸ್ತಿ. ಡಬ್ಬಿ ತೆರೆದ ಮೇಲೆ ಇವನ್ನು ಸುಮಾರು 120 ಡಿಗ್ರಿಯ ಓವನ್‌ನಲ್ಲಿ ಇಡಬೇಕು ಅನ್ನುವುದು ಅದಕ್ಕೇ. ಒಮ್ಮೆ ತೇವ ಹಿಡಿದದ್ದನ್ನು ಸರಿಮಾಡಲು ತಯಾರಕರು ಹೇಳಿದ ಪ್ರಕಾರ 260ರಿಂದ 430 ಡಿಗ್ರಿಯ ನಡುವೆ ಒಂದೆರಡು ಗಂಟೆ ಬೇಯಿಸಬೇಕು.

ಕೆಟ್ಟುಹೋದ ಫ್ರಿಜ್ ಒಳಗೆ ಬಲ್ಬ್ ಉರಿಸಿ ರಾಡ್ ಇಡುವ ಉಪಾಯ ಬಹಳ ಜನ ಹೇಳುತ್ತಾರೆ. ಒಣಗಿರುವ ರಾಡನ್ನು ಒಣಗಿಯೇ ಇಡಲು ಅದು ಒಳ್ಳೆಯದು. ಆದರೆ ತೇವ ಹಿಡಿದ 7018 ಅಲ್ಲಿ ವರ್ಷ ಕೂತರೂ ಸರಿಹೋಗುವುದಿಲ್ಲ, ಬಲ್ಬಿನ ಬಿಸಿ ಅದಕ್ಕೆ ಏನೇನೂ ಸಾಲದು. ಅಂದ ಹಾಗೆ ಎಲ್‌ಇಡಿ ಬಲ್ಬ್ ಹಾಕಿ ಬಿಸಿಯೇ ಆಗುತ್ತಿಲ್ಲ ಅಂತ ದೂರಬೇಡಿ, ಹಳೇ ತಂತಿಯ ಬಲ್ಬೇ ಬೇಕು, ರಾಡಿನ ರಟ್ಟಿನ ಪೆಟ್ಟಿಗೆ ಅದಕ್ಕೆ ತಾಗಬಾರದು.

6013ಕ್ಕೆ ಇಷ್ಟು ಮಡಿ ಇಲ್ಲ. ತೇವವಾದರೆ ಆರ್ಕ್ ಚಿಟಪಟ ಅನ್ನುತ್ತದೆ, ಸಿಡಿತ ಜಾಸ್ತಿಯಾಗುತ್ತದೆ, 100 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. 6010 ಪೂರ್ತಿ ಉಲ್ಟಾ. ಅದರ ಲೇಪನದಲ್ಲಿ ಸೆಲ್ಯುಲೋಸ್ ಇದೆ, ಸ್ವಲ್ಪ ತೇವ ಇದ್ದರೇ ಅದು ಸರಿಯಾಗಿ ಉರಿಯುವುದು. ಓವನ್‌ಗೆ ಹಾಕಿದರೆ ಹಾಳು. ನಾನು ಮನೆ ಕೆಲಸಕ್ಕೆ 6013 ಇಟ್ಟುಕೊಂಡಿದ್ದೇನೆ, ರಬ್ಬರ್ ವಾಷರ್ ಇರುವ ಉದ್ದನೆಯ ಕೊಳವೆ ಡಬ್ಬಿಯಲ್ಲಿ. 7018 ಬೇಕಾದಾಗ ಚಿಕ್ಕ ಪ್ಯಾಕೆಟ್ ತರುತ್ತೇನೆ. ಲೇಪನ ಉದುರಿದ ಅಥವಾ ಒಳಗಿನ ತಂತಿಗೆ ತುಕ್ಕು ಬಂದು ಲೇಪನದ ಮೇಲೆ ಕಲೆ ಬಿದ್ದ ರಾಡ್ ಯಾವುದೇ ಇರಲಿ, ಎಸೆಯುವುದೇ. ಅದನ್ನು ಉಳಿಸಲು ಹೋಗುವುದು ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ.

ಸುರುಳಿಯಿಂದ ಬರುವ ತಂತಿಯನ್ನೇ ಕರಗಿಸಿ ಬೆಸೆಯುವ ಮಿಗ್ ಮಶೀನು ಇದ್ದವರಿಗೆ ರಾಡಿನ ಬದಲು ತಂತಿಯ ಚಿಂತೆ. ಸಾಮಾನ್ಯ ಮಿಗ್ ತಂತಿಯ ಮೇಲೆ ತೆಳು ತಾಮ್ರದ ಲೇಪ ಇರುತ್ತದೆ, ಅದನ್ನು ನಂಬಿ ಸುರುಳಿಯನ್ನು ಮಶೀನಿನಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಹೊರಗಿನ ಸುತ್ತುಗಳು ಮಂಕಾಗಿ, ಆಮೇಲೆ ಕಂದಾಗುತ್ತವೆ. ಆ ತುಕ್ಕಿನ ಪುಡಿ ತಂತಿ ಹಾದು ಬರುವ ಕೊಳವೆ, ಅಂದರೆ ಲೈನರ್ ಒಳಗೆ ಸೇರಿಕೊಂಡು ತಂತಿ ತಡವರಿಸಿಕೊಂಡು ಬರುತ್ತದೆ. ತಂತಿ ಸರಿಯಾಗಿ ಬರುತ್ತಿಲ್ಲ ಅಂತ ತಂತಿ ತಳ್ಳುವ ರೋಲರ್ ಬಿಗಿ ಮಾಡುತ್ತೇವೆ, ಬಿಗಿ ಜಾಸ್ತಿಯಾಗಿ ತಂತಿಯಿಂದಲೇ ಪುಡಿ ಏಳುತ್ತದೆ, ಲೈನರ್ ಇನ್ನಷ್ಟು ಕಟ್ಟುತ್ತದೆ. ನನಗೆ ಇದು ಗೊತ್ತಾಗಲು ಮೂರು ಸಲ ತಂತಿ ರೋಲರ್ ಹತ್ತಿರ ಗೂಡು ಕಟ್ಟಿಕೊಳ್ಳಬೇಕಾಯಿತು. ಸುರುಳಿ ಬದಲಿಸುವಾಗಲೆಲ್ಲ ತಂತಿ ಹೊರಬರುವ ತುದಿಯ ಕಾಂಟ್ಯಾಕ್ಟ್ ಟಿಪ್ ಬಿಚ್ಚಿ, ವೆಲ್ಡಿಂಗ್ ಟಾರ್ಚಿನ ಕೇಬಲ್ ನೆಟ್ಟಗೆ ಚಾಚಿ, ಲೈನರ್‌ಗೆ ಗಾಳಿ ಊದಿ. ಕನ್ನಡಕ ಹಾಕಿಕೊಂಡೇ ಊದಿ, ಆ ಕಡೆಯಿಂದ ಕಪ್ಪು ಪುಡಿ ಬುಸ್ ಅಂತ ಬರುತ್ತದೆ. ಟಿಪ್‌ನ ತೂತು ದುಂಡಗಿಲ್ಲದೆ ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ಬದಲಿಸಿ. ತಿಂಗಳಿಗಿಂತ ಜಾಸ್ತಿ ಕೆಲಸ ಇಲ್ಲ ಅಂದರೆ ಸುರುಳಿ ತೆಗೆದು ಸಿಲಿಕಾ ಜೆಲ್ ಜೊತೆ ಚೀಲದಲ್ಲಿಡಿ.

ಮಶೀನಿನ ಒಳಗಿನ ದೂಳು ಬೇರೆಯದೇ ಕತೆ. ಮನೆಯ ಶೆಡ್ಡಿನಲ್ಲಿ ಗ್ರೈಂಡರ್ ಮತ್ತು ವೆಲ್ಡಿಂಗ್ ಮಶೀನು ಅಕ್ಕಪಕ್ಕದಲ್ಲೇ ಇರುತ್ತವೆ, ಜಾಗ ಇರುವುದೇ ಅಷ್ಟು. ಗ್ರೈಂಡರಿನ ಕಬ್ಬಿಣದ ಪುಡಿಯನ್ನು ವೆಲ್ಡಿಂಗ್ ಮಶೀನಿನ ಫ್ಯಾನ್ ಉಸಿರೆಳೆದುಕೊಳ್ಳುತ್ತದೆ, ಅದು ಸರ್ಕ್ಯೂಟ್ ಬೋರ್ಡ್ ಮೇಲೆ ಕೂರುತ್ತದೆ. ಕಬ್ಬಿಣದ ಪುಡಿಯಲ್ಲಿ ಕರೆಂಟು ಹರಿಯುತ್ತದೆ, ತೇವ ಸೇರಿದರೆ ಕೇಳುವುದೇ ಬೇಡ. ಕೆಲಸ ಮಾಡುವಾಗ ಗ್ರೈಂಡರಿನ ಕಿಡಿ ಮಶೀನಿನ ಕಡೆಗೆ ಹಾರದಂತೆ ನಿಲ್ಲುವುದು ಮೊದಲ ಮದ್ದು. ಆಮೇಲೆ ಆಗಾಗ ಒಣ ಗಾಳಿ ಊದುವುದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಕೆಲವು ನಿಮಿಷ ಉಳಿದಿರುತ್ತದೆ. ಮಶೀನಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯದೆ ಕವಚ ತೆಗೆಯಬೇಡಿ, ಗೊತ್ತಿಲ್ಲದಿದ್ದರೆ ತೆಗೆಯಲೇಬೇಡಿ, ಜಾಲರಿಯ ಹೊರಗಿಂದಲೇ ಊದಿ. ಫ್ಯಾನಿನ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದು ಹಿಡಿಯಿರಿ, ಗಾಳಿಯ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.

ಒಣ ಗಾಳಿ ಅಂತ ಒತ್ತಿ ಹೇಳಿದ್ದಕ್ಕೂ ಕಾರಣ ಇದೆ. ಮೊದಲ ಸಲ ನಾನು ಉತ್ಸಾಹದಲ್ಲಿ ಕಂಪ್ರೆಸರ್ ಪೈಪ್ ಹಿಡಿದು ಒತ್ತಿದಾಗ ಗಾಳಿಯ ಜೊತೆ ಸಣ್ಣ ತುಂತುರು ನೀರೂ ಬೋರ್ಡಿನ ಮೇಲೆ ಹೋಯಿತು. ಟ್ಯಾಂಕಿನ ಕೆಳಗಿನ ನಲ್ಲಿ ಬಿಚ್ಚಿದರೆ ಕಂದು ಬಣ್ಣದ ನೀರು ಬಂತು, ನಿಲ್ಲಲೇ ಇಲ್ಲ. ಮಶೀನನ್ನು ಎರಡು ದಿನ ಬೆಚ್ಚಗಿನ ಕೋಣೆಯಲ್ಲಿಟ್ಟು ಆಮೇಲೆ ಹೆದರುತ್ತಾ ಸ್ವಿಚ್ ಹಾಕಿದೆ, ಬದುಕಿತು. ಕಂಪ್ರೆಸರ್ ಗಾಳಿಯನ್ನು ಹಿಂಡಿದಾಗ ಅದರೊಳಗಿನ ನೀರು ಟ್ಯಾಂಕಿನ ತಳದಲ್ಲಿ ಸೇರುತ್ತದೆ, ತೆಗೆಯದಿದ್ದರೆ ಟ್ಯಾಂಕ್ ಒಳಗಿಂದಲೇ ತುಕ್ಕು ತಿನ್ನುತ್ತದೆ. ಒತ್ತಡದ ಟ್ಯಾಂಕ್ ತೆಳುವಾಗುವುದು ಅಂದರೆ ತಮಾಷೆಯಲ್ಲ. ಈಗ ಪ್ರತಿ ಸಲ ಕೆಲಸ ಮುಗಿದ ಮೇಲೆ ನಲ್ಲಿ ಬಿಚ್ಚುತ್ತೇನೆ.

ಸಿಲಿಂಡರ್ ಬಗ್ಗೆ ಎರಡೇ ಮಾತು. ನೆಟ್ಟಗೆ ನಿಲ್ಲಿಸಿ ಸರಪಳಿ ಹಾಕಿ. ತುಕ್ಕು ಬಿಡಿಸುವ ಭರದಲ್ಲಿ ಆಕ್ಸಿಜನ್ ರೆಗ್ಯುಲೇಟರ್‌ಗಾಗಲೀ ಅದರ ವಾಲ್ವಿಗಾಗಲೀ ಎಣ್ಣೆ, ಗ್ರೀಸ್ ಒಂದು ತೊಟ್ಟೂ ತಾಗಿಸಬೇಡಿ. ಒತ್ತಡದ ಆಕ್ಸಿಜನ್ ಎದುರು ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಎಣ್ಣೆ ಕೈಯಲ್ಲಿ ಮುಟ್ಟುವುದೂ ಬೇಡ.

ಉಳಿದ ಕಡೆ ಎಣ್ಣೆ ಹಚ್ಚಿ, ಆದರೆ ಯಾವುದನ್ನು ಎಲ್ಲಿ ಅಂತ ತಿಳಿದು ಹಚ್ಚಿ. ಡಬ್ಲ್ಯೂಡಿ-40 ಎಲ್ಲದಕ್ಕೂ ಮದ್ದು ಅಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ಆ ಹೆಸರಿನ ಅರ್ಥವೇ ನೀರನ್ನು ಸರಿಸುವುದು. 1953ರಲ್ಲಿ ಅಮೆರಿಕದಲ್ಲಿ ನಲವತ್ತನೇ ಪ್ರಯತ್ನದಲ್ಲಿ ಸಿಕ್ಕ ಮಿಶ್ರಣ ಅದು, ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಅಂತ ಬಳಸಿದರು. ಒದ್ದೆಯಾದ ಸಾಮಾನಿನಿಂದ ನೀರು ಓಡಿಸಲು ಬಹಳ ಚೆನ್ನ. ಆದರೆ ಅದರ ಬಹುಪಾಲು ಆವಿಯಾಗಿ ಹೋಗಿ ತೀರಾ ತೆಳು ಪದರ ಉಳಿಯುತ್ತದೆ. ತಿಂಗಳುಗಟ್ಟಲೆ ಮುಟ್ಟದ ಸಾಮಾನಿಗೆ ಅದರ ಮೇಲೆ ದಪ್ಪ ಎಣ್ಣೆಯೋ, ಲ್ಯಾನೋಲಿನ್ ಅನ್ನುವ ಕುರಿಯುಣ್ಣೆಯ ಜಿಡ್ಡು ಇರುವುದೋ, ಮೇಣವೋ ಬೇಕು. ವೆಲ್ಡಿಂಗ್ ಟೇಬಲ್ಲಿಗೆ ನಾನು ಮೇಣದ ಪೇಸ್ಟ್ ತಿಕ್ಕುತ್ತೇನೆ. ಕೈಗೆ ಅಂಟುವುದಿಲ್ಲ, ದೂಳು ಹಿಡಿಯುವುದಿಲ್ಲ, ಸಿಡಿದು ಅಂಟುವ ಲೋಹದ ಹನಿ, ಸ್ಪ್ಯಾಟರ್, ಕೂಡ ಸುಲಭವಾಗಿ ಏಳುತ್ತದೆ. ಬೆಸುಗೆ ಬೀಳುವ ಜಾಗದಲ್ಲಿ ಮಾತ್ರ ಎಣ್ಣೆ, ಮೇಣ ಎರಡೂ ಇರಬಾರದು, ಒಳಗೆ ಗುಳ್ಳೆ ಬರುತ್ತದೆ.

ಆ ಎಣ್ಣೆ ಒರೆಸಲು ಬ್ರೇಕ್ ಕ್ಲೀನರ್ ಹುಡುಕುವವರು ಡಬ್ಬದ ಹಿಂದೆ ಬರೆದದ್ದನ್ನು ಓದಿ. ಕ್ಲೋರಿನ್ ಇರುವ ಕ್ಲೀನರ್ ಆವಿಯ ಮೇಲೆ ಆರ್ಕ್‌ನ ಬಿಸಿ ಮತ್ತು ನೇರಳಾತೀತ ಬೆಳಕು ಬಿದ್ದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಮೊದಲನೇ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ್ದು ಅದನ್ನೇ. ನಾನು ಅಸಿಟೋನ್ ಬಳಸುತ್ತೇನೆ. ಅದೂ ಬೆಂಕಿಯ ಗೆಳೆಯ, ಪೂರ್ತಿ ಆರಿ, ಬಾಟಲಿ ಹೊರಗೆ ಹೋದ ಮೇಲೆ ಮಾತ್ರ ರಾಡ್ ಹಿಡಿಯುವುದು.

ಇಷ್ಟೆಲ್ಲ ಮಾಡಿಯೂ ತುಕ್ಕು ಬಂದರೆ? ಬರುತ್ತದೆ. ಚಿಕ್ಕ ಸಾಮಾನನ್ನು ವಿನೆಗರ್‌ನಲ್ಲಿ ಒಂದು ದಿನ ಮುಳುಗಿಸಿಟ್ಟರೆ ತುಕ್ಕು ಬಿಡುತ್ತದೆ. ಮರೆತು ನಾಲ್ಕು ದಿನ ಬಿಟ್ಟರೆ ಕಬ್ಬಿಣವೂ ಬಿಡುತ್ತದೆ. ನನ್ನ ಒಂದು ಇಕ್ಕಳ ಅರ್ಧ ಮುಳುಗಿ ಕೂತಿದ್ದು, ನೀರಿನ ಗೆರೆ ಇದ್ದ ಜಾಗದಲ್ಲಿ ಹುಳು ತಿಂದ ಹಾಗೆ ಗುಳಿ ಬಿದ್ದಿದೆ. ತೆಗೆದ ಕೂಡಲೇ ತೊಳೆದು, ಸೋಡಾ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ, ಒರೆಸಿ, ಬಿಸಿ ಗಾಳಿ ಹಿಡಿದು, ಎಣ್ಣೆ ಹಚ್ಚಬೇಕು. ನಡುವೆ ಫೋನ್ ಬಂತು ಅಂತ ಎದ್ದು ಹೋದರೆ ವಾಪಸ್ ಬರುವಷ್ಟರಲ್ಲಿ ಕಿತ್ತಳೆ ಬಣ್ಣ ಶುರು. ಸ್ಪ್ರಿಂಗುಗಳನ್ನು, ಗಟ್ಟಿ ಹದ ಹಾಕಿದ ಉಕ್ಕನ್ನು ವಿನೆಗರ್ ಸೇರಿ ಯಾವ ಆಸಿಡ್ಡಿಗೂ ಹಾಕಬೇಡಿ. 7018 ಬೆಸುಗೆಯಲ್ಲಿ ಬಿರುಕು ತರುವ ಅದೇ ಹೈಡ್ರೋಜನ್ ಇಲ್ಲೂ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ, ಸ್ಪ್ರಿಂಗ್ ಒಂದು ದಿನ ಟಣ್ ಅಂತ ಮುರಿಯುತ್ತದೆ.

ವೈಸ್‌ನಂಥ ದೊಡ್ಡ ಸಾಮಾನಿಗೆ ನಾನು ಕರೆಂಟಿನ ಉಪಾಯ ಮಾಡಿದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ. ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈಸ್‌ಗೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ತುಂಡಿಗೆ, ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಮುಟ್ಟುವ ಮುಂಚೆ ಸ್ವಿಚ್ ಆಫ್. ಹೊಸ ಕಾಲದ ಬುದ್ಧಿವಂತ ಚಾರ್ಜರ್‌ಗಳು ಎದುರಿಗೆ ಬ್ಯಾಟರಿ ಇಲ್ಲ ಅಂತ ಗೊತ್ತಾದರೆ ಕೆಲಸವನ್ನೇ ಶುರುಮಾಡುವುದಿಲ್ಲ, ಹಳೇ ದಡ್ಡ ಚಾರ್ಜರ್ ಬೇಕು. ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಯಾವತ್ತೂ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಉಪ್ಪೂ ಬೇಡ, ಕ್ಲೋರಿನ್ ಬರುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಇದನ್ನೆಲ್ಲ ಬಯಲಲ್ಲಿ, ಕಿಡಿಯಿಂದ ದೂರ ಮಾಡಬೇಕು. ಒಂದು ಹಗಲು ಬಿಟ್ಟು ವೈಸ್ ಎತ್ತಿದರೆ ಮೈಮೇಲೆ ಕಪ್ಪು ಕೆಸರು, ಬ್ರಷ್‌ನಿಂದ ಉಜ್ಜಿದರೆ ಕೆಳಗೆ ಬೂದು ಬಣ್ಣದ ಕಬ್ಬಿಣ. ದವಡೆಯ ಪಕ್ಕದಲ್ಲಿ ಅಚ್ಚೊತ್ತಿದ ಅಳತೆಯ ಅಂಕಿ ಇತ್ತು ಅನ್ನುವುದೇ ಆವತ್ತು ಗೊತ್ತಾಯಿತು.

ಈಗ ಬಾಗಿಲು ಹಾಕುವ ಮುಂಚೆ ಐದು ನಿಮಿಷ ಎತ್ತಿಟ್ಟುಕೊಂಡಿದ್ದೇನೆ. ಅರ್ತ್ ಕ್ಲಾಂಪಿನ ಹಲ್ಲಿಗೆ ವೈರ್ ಬ್ರಷ್‌ನಿಂದ ನಾಲ್ಕು ಉಜ್ಜು, ಕೇಬಲ್ ತುದಿಗಳನ್ನು ಮುಟ್ಟಿ ಬಿಸಿ ನೋಡುವುದು, ಕಂಪ್ರೆಸರ್ ನೀರು ಬಿಡುವುದು, ಬೆವರು ಕೈ ತಾಗಿದ ಕಡೆಯೆಲ್ಲ ಎಣ್ಣೆ ಬಟ್ಟೆ ಆಡಿಸುವುದು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅಗಸೆ ಎಣ್ಣೆಯಂಥ ಕೆಲವು ಎಣ್ಣೆಗಳ ಬಟ್ಟೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಇಡುತ್ತೇನೆ. ಮೊನ್ನೆ ನೋಡಿದರೆ ಶೆಡ್ಡಿನಲ್ಲಿ ಸದ್ಯಕ್ಕೆ ತುಕ್ಕು ಹಿಡಿದಿರುವುದು ಅದೊಂದಕ್ಕೇ, ಎಣ್ಣೆ ಬಟ್ಟೆಯ ಡಬ್ಬಿಯ ಮುಚ್ಚಳಕ್ಕೆ.